ಮುಟ್ಟಿಲ್ಲ, ಬುಟ್ಟಿಲ್ಲ

ಭಾವನನ್ನು ಠಾಣೆಗೆ ಎಳೆದೊಯ್ದ ವಾರ ನಾನು ದಿನಚರಿಯಲ್ಲಿ ಏನನ್ನೂ ಬರೆದಿಲ್ಲ. ಮನೆ ಶೋಧಿಸಲು ಬಂದರೆ ಎಂಬ ಹೆದರಿಕೆ. ಹಾಗಾಗಿ ಇದನ್ನು ಬರೀ ನೆನಪಿನಿಂದ ಬರೆಯುತ್ತಿದ್ದೇನೆ, ಮತ್ತು ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಕ್ಕ ಅಂದು ಹಸಿರು ಸೀರೆ ಉಟ್ಟಿದ್ದಳು ಎಂದು ನನಗೆ ಗಟ್ಟಿಯಾಗಿ ನೆನಪಿದೆ. ಆಗ ತನ್ನ ಹತ್ತಿರ ಹಸಿರು ಸೀರೆಯೇ ಇರಲಿಲ್ಲ ಎನ್ನುತ್ತಾಳೆ ಅವಳು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಎಂ.ಎ. ಮುಗಿಸಿ ದೊಡ್ಡಬಳ್ಳಾಪುರಕ್ಕೆ ಮರಳಿದ್ದೆ. ಅಕ್ಕ, ಭಾವ ಇಬ್ಬರೂ ನಮ್ಮ ಓಣಿಯಲ್ಲೇ ಪವರ್‌ಲೂಮ್ ಓಡಿಸುತ್ತಿದ್ದರು. ಭಾವ ಇಲ್ಲೇ ಹತ್ತಿರದ ಮಧುರೆ ಹೋಬಳಿ ಕಡೆಯವರು. ಮಗ್ಗದ ಕೆಲಸದ ಜೊತೆಗೆ ಅವರಿಗೆ ಇನ್ನೊಂದು ಕೆಲಸವಿತ್ತು. ಪೊಲೀಸರಿಂದ ಪೆಟ್ಟು ತಿಂದು ಬಂದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಅವರ ಕಡೆಯಿಂದ ಮೇಲಧಿಕಾರಿಗಳಿಗೆ ದೂರು ಕಳಿಸುವುದು. ಅಂಥದ್ದೊಂದು ದೂರಿನಿಂದ ಒಬ್ಬ ಸಬ್ ಇನ್‌ಸ್ಪೆಕ್ಟರ್ ಮೇಲೆ ವಿಚಾರಣೆ ಶುರುವಾಯಿತು. ಅದಾದ ಸ್ವಲ್ಪ ದಿನಕ್ಕೇ ನೂಲು ಕಳ್ಳತನದ ಕೇಸೊಂದರಲ್ಲಿ ಭಾವನ ಹೆಸರು ಸೇರಿತು. ಯಾವ ಠಾಣೆ ಎಂಬುದು ಇಲ್ಲಿ ಬೇಡ.

ಭಾವನ ದೂರುಗಳನ್ನು ತಿದ್ದಿಕೊಡುತ್ತಿದ್ದ ವಕೀಲರೊಬ್ಬರಿದ್ದರು. ಮನೆಯಲ್ಲಿ ದಖನಿ ಉರ್ದು ಮಾತಾಡುವವರು, ನಮ್ಮೊಡನೆ ಅಪ್ಪಟ ಪೇಟೆ ಕನ್ನಡ.

"ಅಕ್ಕತಂಗೀರು ಇಬ್ರೂ ಹೋಗಿ ಠಾಣೆ ಮುಂದೆ ಕೂತ್ಕೊಳ್ಳಿ," ಎಂದರು. "ಬೈದ್ರೂ ಏಳ್ಬೇಡಿ. ಮನೆಯವರು ನೋಡ್ತಿದಾರೆ ಅಂದ್ರೆ ಎತ್ತಿದ ಕೈ ಸ್ವಲ್ಪ ಯೋಚನೆ ಮಾಡುತ್ತೆ. ಊಟ ತಗೊಂಡು ಹೋಗಿ, ಅದೇ ನೆಪ."

ಮಾರನೆಯ ದಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಭಾವನನ್ನು ಒಂದು ಪ್ರಶ್ನೆ ಕೇಳುತ್ತಾರೆ, ಪೊಲೀಸರಿಂದ ತೊಂದರೆಯಾಯಿತೇ ಎಂದು. ಇಲ್ಲ ಎಂದರೆ ಹಾಗೆಂದೇ ಬರೆದುಕೊಂಡು, ಪೊಲೀಸರು ಕೇಳಿದಂತೆ ಮತ್ತೆ ಅವರ ಕಸ್ಟಡಿಗೇ ಕೊಟ್ಟುಬಿಡಬಹುದು. ನಮ್ಮ ಆತಂಕವೆಲ್ಲ ಅದೇ.

ಠಾಣೆಯ ಜಗಲಿಯಲ್ಲಿ ಕೂತಿದ್ದ ಪೇದೆ ನಮ್ಮ ಕ್ಯಾರಿಯರ್ ನೋಡಿ ನಕ್ಕ. "ಏನಮ್ಮಾ, ಪಿಕ್ನಿಕ್ಕಾ? ಇಟ್ಟು ಹೋಗ್ತಾ ಇರಿ. ಮಾತುಗೀತು ಏನಿಲ್ಲ."

ಲಾಕಪ್ಪಿನ ಕಂಬಿಯ ಹಿಂದೆ ಭಾವ ಕಾಣುತ್ತಿದ್ದರು. ಮಾತು ಬೇಡ ಎಂದದ್ದು ನಮಗೆ ದೊಡ್ಡ ಅಡ್ಡಿಯಾಗಲಿಲ್ಲ. ಪವರ್‌ಲೂಮಿನ ಸದ್ದಿನಲ್ಲಿ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲ. ಮಗ್ಗದ ಮನೆಯವರು ಸದ್ದಿಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿಯುತ್ತಾರೆ. ಅಕ್ಕ ಪೇದೆಗೆ ಬೆನ್ನು ಮಾಡಿ ನಿಂತು, "ಹೊಡೆದ್ರಾ?" ಎಂದು ತುಟಿಯಲ್ಲೇ ಕೇಳಿದಳು. ಭಾವ ಪೇದೆಯ ಕಡೆ ಕಣ್ಣು ಹಾಯಿಸಿ, ತುಟಿಯಲ್ಲೇ ಒಂದೇ ಒಂದು ಮಾತು ಆಡಿ ಮುಖ ತಿರುಗಿಸಿಕೊಂಡರು.

ಹೊರಗೆ ಹೊಂಗೆ ಮರದ ಕೆಳಗೆ ಬಂದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮುಟ್ಟಿಲ್ಲವಂತೆ ಕಣೇ. ದೇವ್ರು ದೊಡ್ಡೋನು."

ನಾನು ಓದಿದ್ದು "ಬುಟ್ಟಿಲ್ಲ" ಎಂದು.

ಮ ಎಂದರೂ ಬ ಎಂದರೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಸದ್ದು ಇಲ್ಲದಿದ್ದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಭಾವನ ಊರಿನಲ್ಲಿ ಬಿಡು ಎನ್ನುವುದಕ್ಕೆ ಬುಡು ಎನ್ನುತ್ತಾರೆ, ಬಿಟ್ಟಿಲ್ಲ ಎನ್ನುವುದಕ್ಕೆ ಬುಟ್ಟಿಲ್ಲ. ಮದುವೆಯಾದ ಹೊಸದರಲ್ಲಿ ಓಣಿಯವರೆಲ್ಲ ಅವರನ್ನು "ಬುಡಪ್ಪ" ಎಂದು ಗೇಲಿ ಮಾಡುತ್ತಿದ್ದರು.

"ಅವರು ಈಗ ಹಂಗನ್ನಲ್ಲ. ನಾನೇ ತಿದ್ದಿದೀನಿ," ಎಂದಳು ಅಕ್ಕ.

"ಭಯ ಆದಾಗ ಅವರವ್ವನ ಮಾತೇ ಬರೋದು ಅಕ್ಕಾ."

"ಎಂಎ ಓದಿದ ತಕ್ಷಣ ನನ್ನ ಗಂಡನ ಬಾಯಿ ನಂಗಿಂತ ಚೆನ್ನಾಗಿ ಓದ್ತೀಯೇನೇ?"

ನಾನು ಅವರ ತುಟಿಯನ್ನು ಓದಿದ್ದೆನೋ, ನನ್ನ ಹೆದರಿಕೆಯನ್ನು ಓದಿದ್ದೆನೋ? ಇವತ್ತಿಗೂ ಹೇಳಲಾರೆ. ಇನ್ನೊಮ್ಮೆ ಕೇಳೋಣವೆಂದು ನೀರು ಕೊಡುವ ನೆಪದಲ್ಲಿ ಒಳಗೆ ಹೋದರೆ ಲಾಕಪ್ಪು ಖಾಲಿ.

"ಸಾಹೇಬ್ರು ಒಳಗೆ ವಿಚಾರಣೆ ಮಾಡ್ತಾವ್ರೆ. ನಡೀರಿ, ನಡೀರಿ," ಎಂದ ಪೇದೆ.

ಮಧ್ಯಾಹ್ನವೆಲ್ಲ ಹೊಂಗೆ ಮರದ ಕೆಳಗೆ ಕೂತು ಕಿವಿ ನಿಮಿರಿಸಿದೆವು. ಪಕ್ಕದಲ್ಲೊಂದು ಹಿಟ್ಟಿನ ಗಿರಣಿ ಓಡುತ್ತಿತ್ತು. ಅದು ನಿಂತರೆ ಏನು ಕೇಳಿಸೀತೋ ಎಂದು ಭಯ, ನಿಲ್ಲದಿದ್ದರೆ ಏನೂ ಕೇಳಿಸುವುದಿಲ್ಲವಲ್ಲ ಎಂದು ಇನ್ನೊಂದು ಭಯ.

ಸಂಜೆ ವಕೀಲರು ಇಬ್ಬರ ಮಾತನ್ನೂ ಕೇಳಿ ತಲೆ ಕೆರೆದುಕೊಂಡರು. "ಅರೆ, ಮ-ನೋ ಬ-ನೋ? ಮೈಮೇಲೆ ಏಟಿನ ಗುರುತೇ ಇಲ್ದೆ ನಾನು ಡಾಕ್ಟ್ರ ತಪಾಸಣೆ ಕೇಳಿದ್ರೆ, ಇವನು ಸುಳ್ಳು ದೂರು ಕೊಡೋ ಮನುಷ್ಯ ಅಂತಾರೆ. ಹಳೇ ದೂರುಗಳೂ ಬಿದ್ದು ಹೋಗ್ತವೆ. ಇದ್ದು ನಾನು ಕೇಳದೆ ಹೋದ್ರೆ..." ಅಕ್ಕ ನೆಲ ನೋಡುತ್ತಿದ್ದಳು. ತನ್ನ ಓದಿನ ಮೇಲೆ ಅವಳಿಗೂ ಅನುಮಾನ ಬಂದಿತ್ತೆಂದು ನನಗೆ ಆಗ ಅನ್ನಿಸಿತು.

ಬೆಳಿಗ್ಗೆ ಭಾವ ಕೋರ್ಟಿನೊಳಗೆ ಮೆಲ್ಲಗೆ ನಡೆದು ಬಂದರು. ಎರಡು ಪಕ್ಕದಲ್ಲೂ ಪೊಲೀಸರು ಒತ್ತಿಕೊಂಡು ನಿಂತರು. ಮ್ಯಾಜಿಸ್ಟ್ರೇಟರು ಕರಾವಳಿಯವರು, ಮೃದು ಮಾತು. ಕಾಗದದ ಮೇಲೆ ಬಗ್ಗಿಕೊಂಡೇ ಏನೋ ಕೇಳಿದರು. ವರ್ಷಗಟ್ಟಲೆ ಮಗ್ಗದ ಸದ್ದು ಕೇಳಿ ಭಾವನ ಕಿವಿ ಮಂದವಾಗಿತ್ತು. ಬಗ್ಗಿದ ಮುಖದಲ್ಲಿ ತುಟಿಯೂ ಕಾಣದು. ಹೆಡ್ ಕಾನ್‌ಸ್ಟೇಬಲ್ ಮೊಣಕೈಯಿಂದ ತಿವಿದ. ಭಾವ ಕೈಮುಗಿದು, ಏನೆಂದು ತಿಳಿಯದೆಯೇ ತಲೆಯಾಡಿಸಲು ಹೊರಟರು.

ವಕೀಲರು ಎದ್ದು ನಿಂತರು. "ಸ್ವಾಮಿ, ಇವರಿಗೆ ಕಿವಿ ಮಂದ. ದಯವಿಟ್ಟು ಇವರ ಮುಖ ನೋಡಿ ಕೇಳಬೇಕು. ಪೊಲೀಸರು ಸ್ವಲ್ಪ ದೂರ ನಿಲ್ಲಲಿ."

ಮ್ಯಾಜಿಸ್ಟ್ರೇಟರಿಗೆ ಸಿಟ್ಟು ಬಂದಂತಿತ್ತು. ಆದರೂ ಕನ್ನಡಕ ತೆಗೆದು, ಪೊಲೀಸರನ್ನು ಬಾಗಿಲಾಚೆ ಕಳಿಸಿ, ತಲೆಯೆತ್ತಿ ಕೇಳಿದರು, "ನಿಮಗೆ ಹೊಡೆದರೇನು?"

ಭಾವ ಮೊದಲು ನೋಡಿದ್ದು ಅಕ್ಕನನ್ನು. ಅಕ್ಕನ ತುಟಿ ಅಲ್ಲಾಡಿತು. ನಾನು ಅವಳ ಪಕ್ಕದಲ್ಲಿದ್ದೆ, ಏನೆಂದಳೋ ಕಾಣಲಿಲ್ಲ.

"ಬುಟ್ಟಿಲ್ಲ ಸ್ವಾಮಿ!" ಮಗ್ಗದ ಮನೆಯ ಎತ್ತರದ ದನಿ ಕೋರ್ಟಿಗೆಲ್ಲ ಕೇಳಿಸಿತು. "ಅಂಗಾಲೂ ಬುಟ್ಟಿಲ್ಲ!"

"ಬುಟ್ಟಿಯೇ? ಯಾವ ಬುಟ್ಟಿ?" ಎಂದರು ಮ್ಯಾಜಿಸ್ಟ್ರೇಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭಾವ ನೆಲದ ಮೇಲೆ ಕೂತು ಎರಡೂ ಅಂಗಾಲುಗಳನ್ನು ಎತ್ತಿ ತೋರಿಸಿದರು. ನಗು ನಿಂತಿತು.

ಪೊಲೀಸರ ಕಸ್ಟಡಿಗೆ ಕೊಡಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ, ಆಮೇಲೆ ಜೈಲಿಗೆ ಎಂದು ಆದೇಶವಾಯಿತು. ನಾನು ಉಸಿರು ಬಿಟ್ಟೆ. ಅಕ್ಕ ಬಿಡಲಿಲ್ಲ.

"ಸಾರ್, ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು?"

ವಕೀಲರು ಗೌನಿನ ಗುಂಡಿ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. "ಅವರೇ ಅಮ್ಮಾ, ಅದೇ ಪೊಲೀಸ್ರು."

ಅಕ್ಕ ಓಡಿದಳು. ಜೀಪು ಆಗಲೇ ಹೊರಟಿತ್ತು. ಎದುರಿಗೆ ಬಂದ ಲಗೇಜ್ ಆಟೋಗೆ ಅಡ್ಡ ನಿಂತು, ನೂಲಿನ ಮೂಟೆಗಳ ಮೇಲೆ ನನ್ನನ್ನೂ ಎಳೆದು ಹತ್ತಿಸಿಕೊಂಡು, "ಆ ಜೀಪಿನ ಹಿಂದೇ ಹೋಗಪ್ಪಾ," ಎಂದಳು. ಆಸ್ಪತ್ರೆಯ ತಿರುವಿನಲ್ಲಿ ಜೀಪು ನಿಧಾನವಾಯಿತು, ಹಿಂದೆ ಕೂತಿದ್ದ ಪೇದೆ ನಮ್ಮನ್ನು ನೋಡಿ ಮುಂದಿನವರಿಗೆ ಏನೋ ಹೇಳಿದ, ಆಮೇಲೆ ಜೀಪು ಒಳಗೆ ತಿರುಗಿತು. ನಾವು ಹಿಂದೆ ಇಲ್ಲದಿದ್ದರೆ ತಿರುಗುತ್ತಿತ್ತೇ? ಗೊತ್ತಿಲ್ಲ. ತಿರುಗುತ್ತಿತ್ತೇನೋ.

ಅಕ್ಕ ಇಳಿದವಳೇ ಜೀಪಿನ ಹಿಂಬದಿಯ ಕಂಬಿ ಹಿಡಿದು ನಿಂತಳು.

"ಸರ್ಕೊಳಮ್ಮಾ, ಇಳಿಸ್ಬೇಕು," ಎಂದ ಪೇದೆ.

"ಡಾಕ್ಟ್ರು ಹೊರಗೆ ಬಂದು ಕಣ್ಣಾರೆ ನೋಡ್ಲಿ. ನಾನು ಇಲ್ಲೇ ಇರ್ತೀನಿ."