ಒಂದು ಆಡಿಗೆ ಕೊಂಡ ‘ಐ’

ನನ್ನ ಮೊದಲ ಇಂಗ್ಲಿಷ್ ವಾಕ್ಯಕ್ಕೆ ಕೊಟ್ಟ ಬೆಲೆ ಹಾಲು ಕೊಡುವ ಒಂದು ಆಡು. ದುಬಾರಿಯಾಯಿತು ಎನ್ನುವವರು ಕಾರಣ ಕೇಳಿ ಆಮೇಲೆ ಹೇಳಿ. ಕಲಿಸಿದವರು ಯಾದಗಿರಿ ಸ್ಟೇಷನ್ನಿನಲ್ಲಿ ತಾರು ಕಳಿಸುವ ಕೆಲಸ ಮಾಡಿ ನಿವೃತ್ತರಾದ ಮಾಸ್ತರರು. ಅವರಿಗೆ ಹೊಟ್ಟೆಬೇನೆ. ಆಡಿನ ಹಾಲೊಂದೇ ಪಥ್ಯ ಎಂದು ಹಕೀಮರು ಹೇಳಿದ್ದರು. ರೊಕ್ಕ ಕೊಡುತ್ತೇನೆಂದರೆ ಮಾಸ್ತರರು ಒಲ್ಲೆ ಎಂದರು. ಎದುರಿನವರಿಗೆ ಬೇಕಾದದ್ದು ನಮ್ಮ ಹಿತ್ತಲಲ್ಲಿ ಇದ್ದರೆ ಚೌಕಾಸಿ ಅರ್ಧ ಮುಗಿದಂತೆ.

ಆದರೆ ಆಡು ನನ್ನದಲ್ಲ, ಹೆಂಡತಿಯದು. ಶಹಾಪುರದ ತವರಿನಿಂದ ಹಗ್ಗ ಹಿಡಿದು ತಂದದ್ದು.

“ನನ್ನ ಆಡು ಕೊಟ್ಟು ಮಾತು ಕೊಳ್ಳಾಕ ಹೊಂಟೀರೇನ್ರಿ? ಆ ಮಾತು ಹಾಲು ಕೊಡ್ತದೇನು?”

“ಕೊಡ್ತದ, ತಡಿ.”

“ಹಂಗಾರ ಮೊದ್ಲು ಹಿಂಡಿ ತೋರಸ್ರಿ.”

ಕೊನೆಗೆ ಕರಾರು ಹೀಗಾಯಿತು: ಕಲಿಯುವ ತನಕ ಮಾಸ್ತರರಿಗೆ ದಿನಾ ಒಂದು ತಂಬಿಗೆ ಹಾಲು. ನನ್ನ ವಾಕ್ಯ ಕೇಳಿ ರೈಲ್ವೆಯ ದೊಡ್ಡ ಸಾಹೇಬರು ಹೂಂ ಅಂದರೆ ಆಡೇ ಮಾಸ್ತರರದು.

ಸಾಹೇಬರ ಹೂಂ ಯಾಕೆ ಬೇಕಿತ್ತೆಂದರೆ, ನಾನು ಸುರಪುರದ ಗುಡ್ಡದ ಸೀತಾಫಲ ತಂದು ಮಾರುತ್ತಿದ್ದೆ. ಆಗ ನಿಜಾಮರ ರಾಜ್ಯ. ಕಚೇರಿ, ಸಾಲೆ ಎಲ್ಲಾ ಉರ್ದು. ಉರ್ದು ನನಗೆ ಹೊಟ್ಟೆ ತುಂಬಿಸಿಕೊಳ್ಳುವಷ್ಟು ಬರುತ್ತಿತ್ತು. ಆದರೆ ಸ್ಟೇಷನ್ನಿನ ತಂತಿಬೇಲಿ ದಾಟಿದರೆ ಬೇರೆಯೇ ಸರಕಾರ. ಪ್ಲಾಟ್‌ಫಾರ್ಮಿನಲ್ಲಿ ಮಾರಲು ಅಪ್ಪಣೆ ಕೊಡುವವರು ತಪಾಸಣೆಗೆ ಬರುವ ಇಂಗ್ಲಿಷ್ ಸಾಹೇಬರು. ಉರ್ದುವಿನಲ್ಲಿ ಬರೆಸಿ ಕೊಟ್ಟ ಅರ್ಜಿಗೆ ಜವಾಬೇ ಇಲ್ಲ. ಗೇಟಿನ ಹೊರಗೆ ಕೂತರೆ, ಇಳಿದವರು ಮನೆಯ ಅವಸರದಲ್ಲಿ ಹೋಗಿಬಿಡುತ್ತಾರೆ. ಕೊಳ್ಳುವವರು ಮುಂಬಯಿಗೂ ಮದ್ರಾಸಿಗೂ ಹೊರಟವರು, ಕಿಟಕಿಯಿಂದ ಕೈ ಚಾಚುವವರು. ಸೀತಾಫಲ ಕಾಯುವ ಹಣ್ಣಲ್ಲ. ಇಂದು ಗಟ್ಟಿ, ನಾಳೆ ಮೆತ್ತಗೆ, ನಾಡಿದ್ದು ಇರುವೆಗಳ ಪಾಲು. ಆ ಹಂಗಾಮಿನಲ್ಲಿ ಅಪ್ಪಣೆ ಸಿಗದಿದ್ದರೆ ಬುಟ್ಟಿ ಬಿಟ್ಟು, ಮತ್ತೆ ಹತ್ತಿ ಗಿರಣಿಯಲ್ಲಿ ಮೂಟೆ ಹೊರಲು ಹೋಗಬೇಕಿತ್ತು.

ಪಾಠ ನಮ್ಮ ಅಂಗಳದಲ್ಲೇ ನಡೆಯುತ್ತಿತ್ತು. ಒಂದು ಕಡೆ ಹೆಂಡತಿ ಹಾಲು ಹಿಂಡುವಳು, ಇನ್ನೊಂದು ಕಡೆ ಮಾಸ್ತರರು ಹಾಲಿಗೆ ಕಾಯುತ್ತಾ ನನ್ನನ್ನು ಹಿಂಡುವರು.

“ನೋಡಪಾ, ನಮ್ಮ ಮಾತಿನ್ಯಾಗ ಮಾಡಾಂವ ಬಾಲದಾಗ ಕುಂತಿರ್ತಾನ. ಮಾರ್ತೀನಿ ಅಂದ್ರ ನಾನು, ಮಾರ್ತಾನ ಅಂದ್ರ ಅವ. ಇಂಗ್ಲಿಷಿಗೆ ಆ ಬಾಲ ಇಲ್ಲ. ಯಾರು ಅನ್ನೂದು ಇಂಜಿನ್, ಮುಂದ ಇರಬೇಕು. ಅದರ ಬೆನ್ನಿಗೆ ಕೆಲಸ. ಏನು, ಎಲ್ಲಿ ಅನ್ನೂವು ಹಿಂದಿನ ಡಬ್ಬಿ. ಹೇಳು: ಐ ಸೆಲ್ ಫ್ರೂಟ್ ಹಿಯರ್, ಸರ್.”

ಹೇಳಿದೆ. ಬುಟ್ಟಿ ಹೊತ್ತಾಗ ಹೇಳಿದೆ, ಭೀಮೆಯ ದಂಡೆಯಲ್ಲಿ ಮುಖ ತೊಳೆಯುವಾಗ ಹೇಳಿದೆ.

ಸಾಹೇಬರು ಬಂದ ದಿನ ಮಾಸ್ತರರು ಹಳೇ ಗುರುತಿನ ಮೇಲೆ ನನ್ನನ್ನು ಬುಟ್ಟಿ ಸಮೇತ ಒಳಗೆ ಬಿಡಿಸಿದ್ದರು. ಪ್ಲಾಟ್‌ಫಾರ್ಮಿನ ಕಲ್ಲಿದ್ದಲ ಹೊಗೆಯೊಳಗೂ ನನ್ನ ಹಣ್ಣಿನ ವಾಸನೆ ಎದ್ದು ಬರುತ್ತಿತ್ತು. ಆ ಎರಡು ವಾಸನೆ ಕೂಡಿ ಈಗಲೂ ಒಮ್ಮೊಮ್ಮೆ ಮೂಗಿಗೆ ಬಂದಂತಾಗುತ್ತದೆ. ಕೈಮುಗಿದು ನಿಂತೆ. ಆದರೆ ಅಷ್ಟು ದೊಡ್ಡವರ ಮುಂದೆ ಬಾಯಿ ತೆರೆದ ಕೂಡಲೇ ‘ನಾನು’ ಎನ್ನುವುದು ನಮ್ಮ ಕಡೆ ಸೊಕ್ಕಿನ ಲಕ್ಷಣ. ನಾಲಿಗೆ ತಾನಾಗಿಯೇ ‘ಐ’ ನುಂಗಿತು. ಮರ್ಯಾದೆಗೆಂದು ಕೊನೆಗೊಂದು ‘ರಿ’ಯನ್ನೂ ಹಚ್ಚಿತು.

“ಸೆಲ್ ಫ್ರೂಟ್ ಹಿಯರ್‌ರಿ, ಸರ್!”

ಸಾಹೇಬರು ನನ್ನನ್ನೊಮ್ಮೆ, ಬುಟ್ಟಿಯನ್ನೊಮ್ಮೆ ನೋಡಿ ಏನೋ ಕೇಳಿದರು. ಹಿಂದೆ ನಿಂತಿದ್ದ ಮಾಸ್ತರರು ಹೊಟ್ಟೆ ಹಿಡಿದುಕೊಂಡರು. ಬೇನೆಗಲ್ಲ, ನಗೆಗೆ.

“ಲೇ, ಇಲ್ಲಿ ಕುಂತು ಹಣ್ಣು ಮಾರು ಅಂತ ಸಾಹೇಬ್ರಿಗೇ ಹುಕುಂ ಕೊಟ್ಟೆಲ್ಲೋ! ಬುಟ್ಟಿ ಎಲ್ಲಿ ಇಡ್ಲಿ ಅಂತ ಕೇಳಾಕತ್ತಾರ ಅವ್ರು!”

“ರಿ ಹಚ್ಚೀನಲ್ರೀ, ಮಾಸ್ತರ!”

“ನಿನ್ನ ರಿ ಅವ್ರಿಗೇನು ತಿಳೀತದ? ಇಂಜಿನ್ ಹಚ್ಚೋ ಮಾರಾಯಾ!”

ಎದೆಯ ಮೇಲೆ ಕೈಯಿಟ್ಟೆ. “ಐ!” ಎಂದೆ. ಬೆಂಚಿನ ಮೇಲೆ ಮಲಗಿದ್ದ ಹಮಾಲ ಎದ್ದು ಕೂತ. “ಐ ಸೆಲ್ ಫ್ರೂಟ್ ಹಿಯರ್, ಸರ್.”

ಸಾಹೇಬರು ಒಂದು ಹಣ್ಣು ಒಡೆದರು, ತಿಂದರು, ಬೀಜವನ್ನು ಅಂಗೈಗೆ ಉಗುಳಿಕೊಂಡರು. “ಯು ಸೆಲ್” ಎಂದರು. ಯಾರು ಮುಂದೆ, ಕೆಲಸ ಹಿಂದೆ. ಇವನನ್ನು ಒಳಗೆ ಬಿಡಿ ಎಂದು ಆಗಿನ ಸ್ಟೇಷನ್ ಮಾಸ್ತರರಿಗೆ ಅಲ್ಲೇ ಹೇಳಿಯೂ ಹೋದರು.

ಸಂಜೆ ಆಡಿನ ಹಗ್ಗಕ್ಕೆ ಕೈ ಹಾಕಿದರೆ ಹೆಂಡತಿ ಬಿಡಲಿಲ್ಲ. ತಾನೇ ಹಿಡಿದುಕೊಂಡು ಮಾಸ್ತರರ ಬಾಗಿಲಿಗೆ ಹೋಗಿ, ಸೆರಗು ಸರಿಮಾಡಿಕೊಂಡು ನಿಂತಳು.

“ಐ ಗಿವ್ ಗೋಟ್. ಮರಿ ಹಾಕಿದ್ರ ಮರಿ ನಂದ್ರಿ, ಮಾಸ್ತರ.”

ಮಾಸ್ತರರು ನನ್ನ ಕಡೆ ತಿರುಗಿದರು. “ಕಲಿಸಿದ್ದು ನಿನಗ. ಇಂಜಿನ್ ಬಿಡದಾಕಿ ಇಕಿ.”

ಮರುವರ್ಷ ಎರಡು ಮರಿ ನಮ್ಮ ಅಂಗಳಕ್ಕೆ ಬಂದವು.

ಈಗ ಹೊಸದಾಗಿ ಇಂಗ್ಲಿಷಿಗೆ ಕೈ ಹಾಕಿದ ನಿಮಗೆ ಹೇಳುವುದಿಷ್ಟು. ದಪ್ಪ ಪುಸ್ತಕ ಕೊಳ್ಳಲು ಓಡಬೇಡಿ. ಯಾರು, ಏನು ಮಾಡುತ್ತಾರೆ, ಯಾವುದನ್ನು, ಎಲ್ಲಿ ಎಂಬ ಸಾಲಿನಲ್ಲಿ ದಿನದ ಕೆಲಸಗಳನ್ನೇ ಜೋರಾಗಿ ಹೇಳಿಕೊಳ್ಳಿ. ‘ಐ’ ಎನ್ನಲು ನಾಚಬೇಡಿ. ಬಿಟ್ಟರೆ ವಿನಯ ಕಾಣುವುದಿಲ್ಲ, ಹುಕುಂ ಕೇಳಿಸುತ್ತದೆ. ಅಪ್ಪಣೆ ಬೇಡುವಾಗ ‘ಐ’ ಮುಂದೊಂದು ‘ಮೇ’ ಸೇರಿಸಿ. ನನಗೆ ಅದನ್ನು ಮಾಸ್ತರರು ಕಲಿಸಿದ್ದು ಆಡು ಅವರ ಅಂಗಳ ಸೇರಿದ ಮೇಲೆ. ಇನ್ನು ಕಲಿಸುವವರಿಗೆ ಏನು ಬೇಕೋ ಕೇಳಿಕೊಂಡೇ ಹೋಗಿ. ಕೊಡುವ ಮೊದಲು ಮರಿ ಯಾರದೆಂದು ಮಾತಾಡಿಕೊಳ್ಳಿ.