ಅಣ್ಣನಿಗೊಂದು ಲಿವರ್ ರೈಫಲ್

ಕಟಕ್, ಚಟಕ್. ಮೊದಲನೆಯದು ಲಿವರನ್ನು ಮುಂದಕ್ಕೆ ತಳ್ಳಿದಾಗ, ಎರಡನೆಯದು ಅದನ್ನು ವಾಪಸ್ ಎಳೆದುಕೊಂಡಾಗ. ಹ್ಯೂಸ್ಟನ್ನಿನ ಆ ಅಂಗಡಿಯಲ್ಲಿ ಅಣ್ಣ ಒಂದಾದ ಮೇಲೊಂದು ರೈಫಲ್ ಎತ್ತಿಕೊಂಡು ಅದೇ ಸದ್ದು ಮಾಡುತ್ತಿದ್ದ. ನಾನು ಹ್ಯಾಂಡ್‌ಬ್ಯಾಗನ್ನು ಎದೆಗೆ ಅವಚಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಕಾನ್ವೆಂಟಿನಲ್ಲಿ ಡೆಸ್ಕಿನ ಮುಚ್ಚಳ ಜೋರಾಗಿ ಹಾಕಿದರೂ ಸಿಸ್ಟರ್ ಹುಬ್ಬೇರಿಸುತ್ತಿದ್ದರು. ಅಲ್ಲಿ ಹನ್ನೊಂದು ವರ್ಷ ಓದಿದವಳು ಅರವತ್ತು ದಾಟಿದ ಮೇಲೆ, ಎರಡು ಸಾವಿರದ ಆಚೀಚೆಯ ಒಂದು ಸೆಪ್ಟೆಂಬರಿನಲ್ಲಿ, ಟೆಕ್ಸಸ್ಸಿನಲ್ಲಿ ಬಂದೂಕಿನ ವ್ಯಾಪಾರಕ್ಕೆ ಬಂದಿದ್ದೆ.

ಅಣ್ಣನಿಗೆ ಗ್ಲಾಕೋಮಾ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನಲ್ಲಿ ಉಳಿದದ್ದು ಕಾಗದ ಸುತ್ತಿ ಮಾಡಿದ ಕೊಳವೆಯೊಳಗಿಂದ ಇಣುಕಿದಷ್ಟು ಮಾತ್ರ. ಅದೂ ಬೆಳಿಗ್ಗೆ ಡ್ರಾಪ್ಸ್ ಹಾಕಿದ ಮೇಲೆ ಎರಡು ಮೂರು ಗಂಟೆ ಚೆನ್ನಾಗಿರುತ್ತಿತ್ತು, ಆಮೇಲೆ ಮಂಜು ಕವಿಯುತ್ತಿತ್ತು. ಅತ್ತಿಗೆ ತೀರಿಹೋದ ಮೇಲೆ ಅವನೊಬ್ಬನೇ ಆಸ್ಟಿನ್ನಿನ ಅಪಾರ್ಟ್‌ಮೆಂಟಿನಲ್ಲಿದ್ದ. ಮಗಳು ಡಾಲಸ್ಸಿನಲ್ಲಿ, ನಾವು ಗಂಡ ಹೆಂಡತಿ ಹ್ಯೂಸ್ಟನ್ನಿನ ಪಕ್ಕದ ಕೇಟಿ ಊರಿನಲ್ಲಿ. ಆಸ್ಟಿನ್ನಿನ ಡಾಕ್ಟರು ದಸರೆ ಮುಗಿದ ಮಂಗಳವಾರಕ್ಕೆ ಸರ್ಜರಿ ಇಟ್ಟಿದ್ದರು. ಕಣ್ಣು ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ, "ಐ ಕಾಂಟ್ ಪ್ರಾಮಿಸ್ ಎನಿಥಿಂಗ್" ಎಂದು ಕೈ ಒರೆಸಿಕೊಂಡರು.

ಆ ದಿನ ಕಾರಿನಲ್ಲಿ ಕೇಳಿದೆ, "ಅಣ್ಣ, ಸರ್ಜರಿಗೆ ಮುಂಚೆ ಏನಾದ್ರೂ ನೋಡ್ಬೇಕು ಅನ್ಸಿದ್ರೆ ಹೇಳು. ಕರ್ಕೊಂಡು ಹೋಗ್ತೀನಿ." ನನ್ನ ತಲೆಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇತ್ತು. ಹೆಚ್ಚೆಂದರೆ ಬದರಿ.

"ಟಾರ್ಗೆಟ್," ಅಂದ.

"ಯಾವ ಟಾರ್ಗೆಟ್ಟು?"

"ಎನ್‌ಸಿಸಿದು ಕಣೇ. ಬಿಳಿ ಕಾಗದ, ಮಧ್ಯೆ ಕಪ್ಪು ರೌಂಡು. ಐದು ಗುಂಡು. ಮೇಲೆ ಒಂದು ರೂಪಾಯಿ ನಾಣ್ಯ ಇಟ್ರೆ ಐದು ತೂತೂ ಮುಚ್ಚಿಹೋಗ್ಬೇಕು. ಒಂದ್ಸಲ ನೋಡಿದ್ರೆ ಸಾಕು."

ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಅವನು ಹಾಗೆ ಹೊಡೆದಿದ್ದ. ಆ ಕಾಗದವನ್ನು ಅಮ್ಮ ದೇವರ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿದ್ದಳು. ಆಮೇಲೆ ಕೆಲಸ, ಸಂಸಾರ, ಸಮುದ್ರ ದಾಟಿದ್ದು. ನಲವತ್ತು ವರ್ಷ ಅವನು ಬಂದೂಕು ಮುಟ್ಟಿರಲಿಲ್ಲ, ಅದರ ಮಾತನ್ನೂ ಎತ್ತಿರಲಿಲ್ಲ.

ನಮ್ಮ ಯಜಮಾನರು ಕೇಳಿ ನಕ್ಕುಬಿಟ್ಟರು. "ನಿಮ್ಮಣ್ಣಂಗೆ ಕಣ್ಣಿಲ್ಲ, ನಿಂಗೆ ಬುದ್ಧಿ ಇಲ್ಲ. ಇಬ್ರೂ ಸೇರಿ ಬಂದೂಕು ತಗೊಳ್ಳಿ. ನಾನು ಫೋನ್ ಹತ್ರಾನೇ ಕೂತಿರ್ತೀನಿ, ಪೊಲೀಸ್ ಕರೆಯಕ್ಕೆ." ಆದರೂ ಡಾಲಸ್ಸಿನ ಗನ್ ಶೋಗೆ, ಎಂದರೆ ಬಂದೂಕಿನ ಸಂತೆಗೆ, ನಮ್ಮನ್ನು ಕೂರಿಸಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದವರು ಅವರೇ.

ಅದೊಂದು ದೊಡ್ಡ ಹಾಲು. ಸೀರೆ ಎಕ್ಸಿಬಿಷನ್ನಿನಲ್ಲಿ ಮೇಜುಗಳಿರುತ್ತವಲ್ಲ, ಹಾಗೆ ಸಾಲು ಮೇಜುಗಳು. ಅಲ್ಲಿ ನಾನೊಬ್ಬಳೇ ಸೀರೆಯವಳು. ಅಣ್ಣನಿಗೆ ಎನ್‌ಸಿಸಿಯ ರೈಫಲ್ಲಿನಂಥದ್ದೇ ಬೇಕಿತ್ತು, ಆದರೆ ಅದರಲ್ಲಿ ಗುಂಡು ಏರಿಸುವ ಬೋಲ್ಟಿನ ಹಿಡಿ ಬಲಗಡೆಗಿರುತ್ತದೆ. ಈಗ ಅವನು ಎಡಗಣ್ಣಿನಿಂದ ಗುರಿ ಹಿಡಿಯಬೇಕು, ಎಂದರೆ ಎಡ ಭುಜಕ್ಕೆ ಒರಗಿಸಿಕೊಳ್ಳಬೇಕು. ಒಂದೊಂದು ಗುಂಡಿಗೂ ಕೈ ದಾಟಿಸಿ ಬೋಲ್ಟ್ ಎಳೆಯಲು ಹೋಗಿ ಗುರಿಯೇ ತಪ್ಪುತ್ತಿತ್ತು. ಮೇಜಿನ ಹಿಂದಿನ ಮುದುಕ ಅವನ ಪರದಾಟವನ್ನು ನೋಡಿ, ಇದನ್ನು ಹಿಡಿದು ನೋಡಿ ಎಂದು ಲಿವರಿನದೊಂದನ್ನು ಕೊಟ್ಟ. ಇದರಲ್ಲಿ ಗುಂಡು ಏರಿಸುವ ಲಿವರ್ ಇರುವುದು ಕೆಳಗೆ, ಟ್ರಿಗರಿನ ಸುತ್ತ. ಅದಕ್ಕೆ ಎಡ ಬಲದ ಭೇದವಿಲ್ಲ. ಅಣ್ಣನ ಮುಖ ಅರಳಿತು.

ಆದರೆ ಅದು ಜಿಂಕೆ ಬೇಟೆಯ ರೈಫಲ್. ಕಡಿಮೆ ಬೆಲೆಗೆ ಬರುತ್ತಿತ್ತು, ಮರವೂ ಚೆಂದವಿತ್ತು, ಆದರೆ ಹೊಡೆದಾಗ ಭುಜಕ್ಕೆ ಒದೆಯುತ್ತದೆ. ಕಣ್ಣಿಗೆ ಜರ್ಕ್ ತಗಲಲೇಬಾರದು ಎಂದು ಡಾಕ್ಟರು ಹೇಳಿದ್ದರು. ಒದೆಯದ ಸಣ್ಣ ಗುಂಡಿನದು, ಪಾಯಿಂಟ್ ಟ್ವೆಂಟಿಟೂ, ಆ ಹಾಲಿನಲ್ಲಿ ಎರಡೇ ಇದ್ದವು. ಒಂದರ ಲಿವರ್ ಲಡಲಡ ಅನ್ನುತ್ತಿತ್ತು. ಇನ್ನೊಂದರ ಬೆಲೆ ಕೇಳಿ ಯಜಮಾನರು, "ಬಾವ, ಈ ದುಡ್ಡಿಗೆ ಮೈಸೂರಿಗೆ ಹೋಗಿ ಎನ್‌ಸಿಸಿ ಕ್ಯಾಂಪೇ ಮಾಡ್ಕೊಂಡು ಬರಬಹುದು," ಎಂದರು. ಬರಿಗೈಯಲ್ಲಿ ವಾಪಸಾದೆವು.

ಆಮೇಲಿನ ಮೂರು ವಾರ ನಾನು ಹುಚ್ಚಿಯ ಹಾಗೆ ಅಲೆದೆ. ಅಣ್ಣನನ್ನು ಕೇಟಿಗೇ ಕರೆತಂದು ಇರಿಸಿಕೊಂಡಿದ್ದೆ. ಅವನ ಕಣ್ಣು ಬೆಳಗಿರುವ ಎರಡು ಮೂರು ಗಂಟೆಯೊಳಗೇ ಅಂಗಡಿಗೆ ಹೋಗಬೇಕು, ಡ್ರಾಪ್ಸನ್ನು ಎಂಟೂವರೆ ದಾಟಿಸುವಂತಿಲ್ಲ, ಅಂಗಡಿಗಳು ತೆರೆಯುವುದೇ ಹತ್ತಕ್ಕೆ, ಐ-ಟೆನ್ ಹೈವೇಯಲ್ಲಿ ಟ್ರಾಫಿಕ್ಕು. ಎಷ್ಟೋ ದಿನ ನಾವು ಕೌಂಟರ್ ಮುಟ್ಟುವಷ್ಟರಲ್ಲಿ ಅವನು ಕಣ್ಣುಜ್ಜಿಕೊಂಡು, "ಇವತ್ತಿಗೆ ಆಯ್ತು ಕಣೇ, ಮನೆಗೆ ಹೋಗೋಣ," ಎನ್ನುತ್ತಿದ್ದ. ಆ ಗಂಟೆಗಳೂ ಕಡಿಮೆಯಾಗುತ್ತಿದ್ದವು. ನಾನು ಕಾರಿನ ಗಡಿಯಾರ ನೋಡುತ್ತಾ ಸ್ಟಿಯರಿಂಗಿನ ಮೇಲೆ ಅತ್ತದ್ದೂ ಉಂಟು, ಅವನಿಗೆ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ.

ಕೊನೆಗೆ ಸಿಕ್ಕಿದ್ದು ಆ ಹ್ಯೂಸ್ಟನ್ನಿನ ಅಂಗಡಿಯಲ್ಲಿ. ಬಿಳಿ ಗಡ್ಡದ ಅಂಗಡಿಯವನಿಗೆ ನಾನೇ ಹೇಳಿದೆ, ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ: ಅಗ್ಗದ್ದು ಬೇಕು, ಕೈ ಕೊಡಬಾರದು, ಒದೆಯಬಾರದು. ಅವನು ನಗದೆ ಮೂರನ್ನು ತಂದಿಟ್ಟ. ಪ್ರತಿಯೊಂದಕ್ಕೂ ಸುಳ್ಳು ಗುಂಡುಗಳನ್ನು ತುಂಬಿ, ಮೊದಲು ನಿಧಾನವಾಗಿ, ಆಮೇಲೆ ಜೋರಾಗಿ ಲಿವರ್ ಆಡಿಸಿದ. ನಿಧಾನಕ್ಕೆ ಆಡಿಸಿದಾಗ ಗುಂಡು ಸಿಕ್ಕಿಕೊಳ್ಳುವ ರೈಫಲನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ ಎಂದ. ಒಂದು ಆ ಪರೀಕ್ಷೆಯಲ್ಲೇ ಬಿದ್ದುಹೋಯಿತು. ಉಳಿದ ಎರಡರಲ್ಲಿ ಯಾವುದೆಂದು ತೀರ್ಮಾನಿಸಿದ್ದು ನಳಿಗೆಯ ತುದಿಯ ಗುರಿಕಾಳು. ಒಂದರದ್ದು ಕಪ್ಪು, ಅಣ್ಣನಿಗೆ ಕಾಣಲೇ ಇಲ್ಲ. ಇನ್ನೊಂದರದ್ದು ಹಿತ್ತಾಳೆಯದು, ಸಾಸಿವೆಯಷ್ಟು.

"ಕಾಣ್ತಿದೆ," ಅಂದ ಅಣ್ಣ. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, "ಕಾಣ್ತಿದೆ ಕಣೇ."

ಮರ ಸಾದಾ, ಬೆಲೆ ನಮ್ಮ ಕೈಗೆಟುಕುವಂಥದ್ದು. ಅಣ್ಣ ಭೂತಗನ್ನಡಿ ಹಿಡಿದು ಫಾರಂ ತುಂಬಿದ. ಅಂಗಡಿಯವನು ಫೋನಿನಲ್ಲಿ ಅಣ್ಣನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರ ಹೇಳಿ, ಪೊಲೀಸ್ ದಾಖಲೆ ಚೆಕ್ ಮಾಡಿಸಿ, ಹೊರಡುವಾಗ ನನಗೊಂದು ಮಾತು ಹೇಳಿದ. ಮನೆಯಲ್ಲಿ ಇಡುವಾಗ ಯಾವಾಗಲೂ ಲಿವರ್ ಇಳಿಸಿ, ಮೇಲಿನ ಬಾಯಿ ತೆರೆದೇ ಇಡಿ, ಒಳಗೆ ಗುಂಡಿಲ್ಲವೆಂದು ಯಾರ ಕಣ್ಣಿಗಾದರೂ ಕಾಣಬೇಕು. ಅದನ್ನು ನಾನು ಸಿಸ್ಟರ್ ಹೇಳಿದ ಪಾಠದಷ್ಟೇ ಶ್ರದ್ಧೆಯಿಂದ ಕೇಳಿಸಿಕೊಂಡೆ.

ಶುಕ್ರವಾರ ಆಯುಧಪೂಜೆ. ಪ್ರತಿ ವರ್ಷವೂ ನಮ್ಮ ಮನೆಯಲ್ಲಿ ಕಾರು, ಹೊಲಿಗೆ ಮಿಷನ್ನು, ಯಜಮಾನರ ಕಂಪ್ಯೂಟರು, ಈಳಿಗೆಮಣೆ ಇವಕ್ಕೆ ಪೂಜೆ. ಆ ವರ್ಷ ಮೊದಲ ಸಲ ನಿಜವಾದ ಆಯುಧ. ಮಣೆಯ ಮೇಲೆ ಕೆಂಪು ಬ್ಲೌಸ್ ಪೀಸ್ ಹಾಸಿ ರೈಫಲನ್ನು ಮಲಗಿಸಿದೆ. ಹೇಳಿದ್ದಂತೆ ಲಿವರ್ ಇಳಿಸಿ, ಬಾಯಿ ತೆರೆದು. ಗಂಧ, ಕುಂಕುಮ ಎಲ್ಲ ಮರದ ಭಾಗಕ್ಕೇ ಇಟ್ಟೆ, ಕಬ್ಬಿಣಕ್ಕೆ ತೇವ ತಾಗದಂತೆ. ಅಷ್ಟು ಎಚ್ಚರ ನನಗಿತ್ತು. ಮಂಗಳಾರತಿ ಆದ ಮೇಲೆ ಎಲ್ಲರೂ ಅಕ್ಷತೆ ಹಾಕಿದೆವು. ನಾನು ಎರಡು ಸಲ ಹಾಕಿದೆ. ಅಣ್ಣನ ಕಣ್ಣು ಉಳಿಯಲಿ ಎಂದು ಒಂದು ಹಿಡಿ, ನಾಳೆ ಗುರಿ ಮುಟ್ಟಲಿ ಎಂದು ಇನ್ನೊಂದು ಹಿಡಿ.

ಸರ್ಜರಿಗೆ ಹೇಗೂ ಆಸ್ಟಿನ್ನಿಗೇ ಹೋಗಬೇಕಿತ್ತು. ಶನಿವಾರ ಬೆಳಿಗ್ಗೆ ಐದಕ್ಕೇ ಹೊರಟು ಆ ಊರಿನ ಹೊರಗಿದ್ದ, ಗುಂಡು ಹೊಡೆಯುವ ರೇಂಜಿಗೆ ಎಂಟೂವರೆಗೆ ಮುಟ್ಟಿದೆವು. ಕಾರಿನಲ್ಲೇ ಡ್ರಾಪ್ಸ್ ಹಾಕಿದೆ. ಬಿಸಿಲು ಚೆನ್ನಾಗಿತ್ತು, ಗಾಳಿ ಇರಲಿಲ್ಲ. ಇಪ್ಪತ್ತೈದು ಗಜ ದೂರದಲ್ಲಿ ಕಾಗದ ಸಿಕ್ಕಿಸಿ ಬಂದರು ಯಜಮಾನರು. ಅಣ್ಣ ಬೆಂಚಿನ ಮುಂದೆ ಕೂತು, ಕಿವಿಗೆ ಮುಚ್ಚಳ ಹಾಕಿಕೊಂಡು, ಎಡ ಭುಜಕ್ಕೆ ರೈಫಲ್ ಒರಗಿಸಿದ.

"ಕಪ್ಪು ಕಾಣ್ತಿದೆಯಾ ಅಣ್ಣ?"

"ಜಾಮೂನ್ ಕಂಡ ಹಾಗೆ ಕಾಣ್ತಿದೆ, ನೀನು ಸುಮ್ನಿರು."

ಐದು ಗುಂಡು ತುಂಬಿದ. ಲಿವರ್ ತಳ್ಳಿದ. ವಾಪಸ್ ಎಳೆದ. ಅದು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎಳೆದ, ಕರಕ್ ಎಂದಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ರೇಂಜನ್ನು ನೋಡಿಕೊಳ್ಳುತ್ತಿದ್ದವಳು ನನ್ನ ವಯಸ್ಸಿನ ಹೆಂಗಸು, ತಲೆಗೆ ಕಿತ್ತಳೆ ಬಣ್ಣದ ಟೋಪಿ. ಬಂದು ನೋಡಿ, ಯಾರೂ ಮುಟ್ಟಬೇಡಿ ಎಂದು ಹೇಳಿ, ನಳಿಗೆಯನ್ನು ಆಚೆಗೇ ತಿರುಗಿಸಿ, ಗುಂಡುಗಳನ್ನು ಹುಷಾರಾಗಿ ಹೊರತೆಗೆದಳು. ಸ್ಕ್ರೂಡ್ರೈವರ್ ಹುಡುಕಿ ತಂದಳು. ಒಂದೊಂದೇ ಸ್ಕ್ರೂ. ನಾನು ಗಡಿಯಾರ ನೋಡುತ್ತಿದ್ದೆ. ಒಂಬತ್ತಾಯಿತು, ಒಂಬತ್ತೂಕಾಲಾಯಿತು. ಅಣ್ಣ ಕಣ್ಣನ್ನು ಮುಚ್ಚಿ ಕೂತಿದ್ದ, ಉಳಿಸಿಕೊಳ್ಳುವವನ ಹಾಗೆ. ಹತ್ತಾಗುವ ಹೊತ್ತಿಗೆ ಅವಳು ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು.

"ಮ್ಯಾಮ್, ಈಸ್ ದಿಸ್ ರೈಸ್?"

ಅರಿಸಿನ ಹಚ್ಚಿದ ಅಕ್ಕಿ. ನಾಲ್ಕು ಕಾಳು, ಎರಡು ನುಚ್ಚಾಗಿದ್ದವು. ತೆರೆದಿಟ್ಟ ಬಾಯಿಯಿಂದ ಇಳಿದು ಒಳಗೆ ಕೂತಿದ್ದವು.

ಯಜಮಾನರು ಆ ಕಡೆ ತಿರುಗಿದರು. ಅಣ್ಣನೇ ಕೇಳಿದ, "ಏನದು?"

"ಅಕ್ಷತೆ," ಎಂದೆ.

ಅವನು, "ಬಂದೂಕು ಉಪವಾಸ ಇರಬಾರ್ದು ಅಂತ ಊಟ ಹಾಕಿದ್ದೀಯ. ಪಾಯಸಾನೂ ಬಡಿಸಬೇಕಿತ್ತು," ಎಂದ. ನಾನು ನಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ರೈಫಲ್ ಮತ್ತೆ ಕೂಡಿಸಿ ಕೊಡುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಅಣ್ಣ ಮತ್ತೆ ಕೂತ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಂಡ. ಒಂದು ಹೊಡೆದ. ತುಂಬಾ ಹೊತ್ತು ತಡೆದು ಎರಡನೆಯದು. ಮೂರನೆಯದಕ್ಕೆ ನಳಿಗೆ ಅಲುಗಾಡುತ್ತಿದ್ದುದು ನನಗೆ ಕಂಡಿತು. ಅದನ್ನೂ ಹೊಡೆದು ರೈಫಲನ್ನು ಬೆಂಚಿನ ಮೇಲೆ ಇಟ್ಟುಬಿಟ್ಟ.

"ಇನ್ನೆರಡಿದೆ ಅಣ್ಣ."

"ಕಪ್ಪು ಕಾಣ್ತಿಲ್ಲ. ಎಲ್ಲಾ ಬಿಳೀನೇ."

"ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರು, ಇನ್ನೊಂದ್ಸಲ ಡ್ರಾಪ್ಸ್ ಹಾಕ್ತೀನಿ, ಕಾಯೋಣ, ಸಂಜೆವರೆಗೂ ಕಾಯೋಣ." ನಾನು ಅವನ ತೋಳು ಹಿಡಿದು ಅಲುಗಿಸುತ್ತಿದ್ದೆನಂತೆ. ಯಜಮಾನರು ಬಂದು ಬಿಡಿಸಿದರು.

ಕಾಗದ ತಂದುಕೊಟ್ಟಾಗ ಅಣ್ಣ ಅದನ್ನು ತೊಡೆಯ ಮೇಲೆ ಹರವಿ ಬೆರಳಾಡಿಸಿದ. ಕೆಳಗೆ, ಎಡಮೂಲೆಯಲ್ಲಿ, ಕಪ್ಪಿನಿಂದ ಗೇಣು ದೂರದಲ್ಲಿ ತೂತು ಸಿಕ್ಕಿತು. "ಒಂದೇನಾ?" ಎಂದು ಕೇಳಿದ. ಒಂದೇ ಎಂದೆ. ಸುಳ್ಳು ಹೇಳಬಹುದಿತ್ತು, ಆದರೆ ಅವನ ಬೆರಳು ಆ ಕಾಗದವನ್ನೆಲ್ಲ ತಡವಿ ಆಗಿತ್ತು.

ಮಂಗಳವಾರದ ಸರ್ಜರಿಯಿಂದ ದೃಷ್ಟಿ ಏನೂ ಉಳಿಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮಗಳು ಬಂದು ಅವನನ್ನು ಡಾಲಸ್ಸಿಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಬಂದೂಕು ಬೇಡವೆಂದಳು. ಅಣ್ಣ ಅದನ್ನು ಕೊಂಡಿದ್ದ ಅಂಗಡಿಗೇ ವಾಪಸ್ ಮಾರಿದ. ಆ ಬಿಳಿ ಗಡ್ಡದವನು ಯಾಕೆ, ಕೈ ಕೊಟ್ಟಿತೇ ಎಂದು ಕೇಳಿದನಂತೆ. ಇಲ್ಲ, ಒಳ್ಳೆಯ ರೈಫಲ್ ಎಂದನಂತೆ ಅಣ್ಣ.

ಫೆಬ್ರವರಿಯಲ್ಲಿ ನೋಡಲು ಹೋದೆವು. ಎರಡು ದಿನ ಇದ್ದೆವು. ಕ್ಷಮೆ ಕೇಳಬೇಕೆಂದು ಹೋದವಳು ಹುಳಿಗೆ ಉಪ್ಪು ಸಾಕೇ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದೆಲ್ಲ ಕೇಳಿದೆ, ಅದೊಂದನ್ನು ಕೇಳಲಿಲ್ಲ. ಹೊರಡುವಾಗ ಅವನು ಹೆಜ್ಜೆ ಎಣಿಸಿಕೊಂಡು ಡ್ರೈವ್‌ವೇ ತುದಿಯವರೆಗೂ ಬಂದ. ನಾವು ಕಾರು ಹತ್ತಿ ರಸ್ತೆಗೆ ಇಳಿದೆವು. ಅದೇ ಹೊತ್ತಿಗೆ ಪಕ್ಕದ ಮನೆಯವನು ತನ್ನ ಪಿಕಪ್ ಸ್ಟಾರ್ಟ್ ಮಾಡಿದ. ಅಣ್ಣ ಆ ಸದ್ದಿನ ಕಡೆಗೆ ತಿರುಗಿ, ಮುಖ ತುಂಬ ನಗುತ್ತಾ, ಕೈ ಬೀಸತೊಡಗಿದ. ಗ್ಲಾಸ್ ಇಳಿಸಿ ಒಂದು ಸಲ "ಅಣ್ಣ" ಎನ್ನಬಹುದಿತ್ತು. ಇಳಿಸಲಿಲ್ಲ. ಪಿಕಪ್ಪಿನವನೂ ಕಿಟಕಿಯಿಂದ ಕೈ ಎತ್ತಿದ. ನಾವು ಮೂಲೆ ತಿರುಗುವವರೆಗೂ ಅಣ್ಣ ಆ ಕಡೆಗೇ ಬೀಸುತ್ತಿದ್ದ.