ತೊಟ್ಟಿಲ ಬಳಿ ತಂಗಿಯನ್ನು ತಡೆದದ್ದು

ನನ್ನ ಮಗಳ ಕಿವಿಯಲ್ಲಿ ಹೆಸರು ಹೇಳಲು ನಾನು ತಂಗಿಯನ್ನು ಬಿಡಲಿಲ್ಲ. ನಮ್ಮಲ್ಲಿ ಆ ಹಕ್ಕು ಸೋದರತ್ತೆಯದು. ಅದಕ್ಕೆಂದೇ ಅವಳು ರೈಲು, ಬಸ್ಸು ಹತ್ತಿ ಕುರುಗೋಡಿಗೆ ಬಂದಿದ್ದಳು. ಕೂಸಿಗೆ ಹೊಸ ಕುಲಾವಿ ತಂದಿದ್ದಳು. ತೊಟ್ಟಿಲ ಹತ್ತಿರ ಬಂದಾಗ ನಾನು ಅಡ್ಡ ನಿಂತೆ.

“ನೀ ಸ್ವಲ್ಪ ದೂರ ನಿಂದ್ರವ್ವಾ. ಹೆಸರು ಚಿಗವ್ವನ ಮಗಳು ಇಡ್ತಾಳ.”

ಅವಳು ಕುಲಾವಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು.

ನಾನು ಓದಿದ್ದು ಏಳನೆಯ ತರಗತಿ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ತೌಡಿನ ಧೂಳು ದಿನಾ ನನ್ನ ಅಂಗಿ, ಕೂದಲು ಹಿಡಿದು ಮನೆಗೆ ಬರುತ್ತದೆ. ತಂಗಿ ವಿಜ್ಞಾನಿ; ದೂರದ ಪ್ರಯೋಗಾಲಯದಲ್ಲಿ ಅವಳ ಕೆಲಸ ನ್ಯೂಟ್ರಾನ್ ಎಂಬ ಕಣಗಳ ಜೊತೆ ಎಂದು ಗೊತ್ತಿತ್ತು. ಅವೂ ಹಾಗೆಯೇ ಅವಳ ಮೈಗಂಟಿ ಬಂದು ಕೂಸಿಗೆ ಹತ್ತಿಯಾವು ಎಂದು ಹೆದರಿದೆ. ಕೇಳಿದ್ದರೆ ಹೇಳುತ್ತಿದ್ದಳು. ಕೇಳಲಿಲ್ಲ. ಆರು ವರ್ಷ, ಅವಳು ಬಂದಾಗಲೆಲ್ಲ ಏನಾದರೊಂದು ನೆವ ಹೇಳಿ ಮಗಳನ್ನು ಅವಳ ತೊಡೆಯಿಂದ ಎಬ್ಬಿಸುತ್ತಿದ್ದೆ.

ಈ ವರ್ಷ ಅವಳು ಪ್ರಯೋಗಾಲಯದಲ್ಲಿ ಮಾಡಿದ ಒಂದು ಅಳತೆ ಹೆಸರು ಮಾಡಿತು. ಬಳ್ಳಾರಿಯ ಕಾಲೇಜೊಂದು ಅವಳನ್ನು ಮಾತಾಡಲು ಕರೆಯಿತು. ಮಗಳೊಂದಿಗೆ ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ಸಭಾಂಗಣ ತುಂಬಿ ಹುಡುಗರು ಬಾಗಿಲಲ್ಲಿ ನಿಂತಿದ್ದರು.

“ಚಿನ್ನ, ಬೆಳ್ಳಿ ಎಲ್ಲಾ ನಕ್ಷತ್ರದಾಗ ಹುಟ್ಟಿದ್ದು,” ಎಂದಳು ತಂಗಿ. “ಪರಮಾಣುವಿನ ನಡುವಿನ ಕಾಳು ಒಂದೊಂದ ನ್ಯೂಟ್ರಾನ್ ನುಂಗಿ ಭಾರ ಆಗತೈತಿ. ನುಂಗಿದಾಗೊಮ್ಮೆ ಕಣ್ಣಿಗೆ ಕಾಣದ ಬೆಳಕು ಬಿಡ್ತೈತಿ. ನಾವು ಅದನ್ನ ಎಣಸ್ತೀವಿ.”

ಅವಳು ಅಳೆದ ಲೋಹದ ತೆಳು ತಗಡಿನ ಜೊತೆಗೆ ಚಿನ್ನದ ತಗಡನ್ನೂ ನ್ಯೂಟ್ರಾನ್‌ಗಳ ಎದುರು ಇಡುತ್ತಾರಂತೆ. ಚಿನ್ನ ಎಷ್ಟು ನುಂಗುತ್ತದೆ ಎಂಬುದು ಮೊದಲೇ ಗೊತ್ತು. ಅದೇ ಅವರ ತೂಕದ ಕಲ್ಲು. ಹಳೆಯ ಪುಸ್ತಕಗಳು ಹೇಳಿದ್ದಕ್ಕಿಂತ ಅವಳ ಲೋಹ ಕಡಿಮೆ ನುಂಗಿತ್ತು. ಎಷ್ಟು ಸಲ ಅಳೆದರೂ ಅದೇ ಉತ್ತರ. ಮುದಿ ನಕ್ಷತ್ರಗಳಲ್ಲಿ ಆ ಲೋಹ ಎಷ್ಟು ಹುಟ್ಟುತ್ತದೆ ಎಂಬುದನ್ನು ಇನ್ನು ತಿದ್ದಿ ಬರೆಯಬೇಕಂತೆ. ಚಪ್ಪಾಳೆ ನಿಲ್ಲಲೇ ಇಲ್ಲ. ಮಗಳು ಕುರ್ಚಿ ಹತ್ತಿ “ಆಕಿ ನಮ್ಮತ್ತಿ!” ಎಂದು ಕೂಗಿದಳು.

ಹುಡುಗಿಯೊಬ್ಬಳು ಎದ್ದಳು. “ಮೇಡಂ, ನ್ಯೂಟ್ರಾನ್ ಮೈಗೆ ಹತ್ತಂಗಿಲ್ಲೇನ್ರಿ?”

“ಯಂತ್ರ ನಡಿಯೋವಾಗ ನಾವು ದಪ್ಪ ಗೋಡಿ ಆಚೀಕಡಿ ಇರ್ತೀವಿ. ತಗಡು ಮುಟ್ಟೋಕ ಮೊದಲು ಪರೀಕ್ಷೆ ಮಾಡ್ತೀವಿ. ಅಂಗಿಗೆ ಹತ್ಕೊಂಡು ಮನಿಗೆ ಬರೂದಿಲ್ಲ.”

ನಾನು ಕೈ ಎತ್ತಿದೆ.

“ಏನಣ್ಣಾ, ಅಕ್ಕಿ ರೇಟ್ ಬಿಟ್ಟು ಏನಾರ ಕೇಳು ಮತ್ತ,” ಎಂದಳು. ಎಲ್ಲರೂ ನಕ್ಕರು. ಮೈಕು ನನ್ನ ಕೈಗೆ ಬಂತು.

“ಪ್ರಶ್ನಿ ಅಲ್ಲವ್ವಾ. ಹೆಸರಿಡೋ ದಿನ ತೊಟ್ಟಿಲ ಹತ್ರ ನಿನ್ನ ಬಿಡಲಿಲ್ಲ. ನಿನ್ನ ಕೆಲಸಕ್ಕ ಹೆದರಿದ್ದೆ, ಒಂದು ಮಾತು ನಿನ್ನ ಕೇಳಲಿಲ್ಲ. ತಪ್ಪಾತವ್ವಾ. ನನ್ನ ಕ್ಷಮಿಸು.”